ಗೇರ್ ಹಾಕಿದರೆ ಆಫ್ ಆಗುತ್ತಿದ್ದ ನನ್ನ ಪಿಕಪ್

ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುವ ಗಾಡಿ ನನ್ನದು. ಮುಳಬಾಗಿಲು ಕಡೆಯ ತೋಟಗಳಿಂದ 15 ಕೆ.ಜಿ. ಬಾಕ್ಸುಗಳನ್ನು ತುಂಬಿಕೊಂಡು ಹೊರಟರೆ ಹರಾಜಿಗೆ ಮೊದಲು ಮಂಡಿ ಮುಟ್ಟಲೇಬೇಕು. ಕಳೆದ ಬೇಸಿಗೆಯಲ್ಲಿ, ಸುಗ್ಗಿಯ ನಡುವೆಯೇ, ಗಾಡಿ ಕೈಕೊಡತೊಡಗಿತು. ನ್ಯೂಟ್ರಲ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸಿದರೂ ಎಂಜಿನ್ ಹದವಾಗಿ ಓಡುತ್ತಿತ್ತು. ಕ್ಲಚ್ ಒತ್ತಿ ಒಂದನೇ ಗೇರ್ ಹಾಕಿಕೊಂಡು ಮುಂದಿನ ಗಾಡಿ ಸರಿಯಲೆಂದು ಕಾಯುತ್ತಿದ್ದರೆ, ಕಾಲು ಎತ್ತುವ ಮೊದಲೇ ಆಫ್.

ಡೀಸೆಲ್ ಗಾಡಿ ಆಫ್ ಆದರೆ ಮೊದಲ ಅನುಮಾನ ಡೀಸೆಲ್ ಲೈನಿನ ಮೇಲೆ. ಫಿಲ್ಟರ್ ಬದಲಾಯಿಸಿದೆ, ಲೈನಿನಲ್ಲಿದ್ದ ಏರ್ ತೆಗೆಸಿದೆ. ಗ್ಯಾರೇಜೊಂದರಲ್ಲಿ ಇಂಜೆಕ್ಟರ್ ಬಿಚ್ಚಿ ತೊಳೆಯಬೇಕು ಎಂದರು. ಅದಕ್ಕೂ ದುಡ್ಡು ಸುರಿದೆ. ಮೂರನೇ ದಿನ ಟೋಲ್ ಸಾಲಿನಲ್ಲಿ ಮತ್ತೆ ಅದೇ ಪಾಡು. ಎಂಜಿನ್ ಆಫ್ ಆಗುತ್ತದೆ ಎಂದಷ್ಟೇ ಎಲ್ಲರಿಗೂ ಹೇಳುತ್ತಿದ್ದೆ. ಹೇಗೆ ಆಫ್ ಆಗುತ್ತದೆ ಎಂದು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ.

ಡೀಸೆಲ್ ಸಾಲದ ಎಂಜಿನ್ ನಿಲ್ಲುವ ಮೊದಲು ಸಾಮಾನ್ಯವಾಗಿ ಮುಗ್ಗರಿಸುತ್ತದೆ. ಸದ್ದು ಏರಿಳಿಯುತ್ತದೆ, ಆಕ್ಸಿಲರೇಟರ್ ಒತ್ತಿದರೂ ಎಳೆತ ಇರುವುದಿಲ್ಲ. ನನ್ನ ಗಾಡಿ ಹಾಗೆ ನಿಲ್ಲುತ್ತಿರಲಿಲ್ಲ. ಮೂತಿ ಒಂದಂಗುಲ ಮುಂದಕ್ಕೆ ಜಗ್ಗಿ, ಕ್ಯಾಬಿನ್ ಅದುರಿ ಸುಮ್ಮನಾಗುತ್ತಿತ್ತು. ಗಾಡಿ ಕಲಿಯುವವರು ಕ್ಲಚ್ ದಿಢೀರನೆ ಬಿಟ್ಟಾಗ ನಿಲ್ಲುತ್ತದಲ್ಲ, ಹಾಗೆ. ನನ್ನ ಕಾಲು ಪೆಡಲಿನ ಮೇಲೇ ಇತ್ತು. ಅಂದರೆ ಪೆಡಲ್ ಕೆಳಗಿದ್ದರೂ ಕ್ಲಚ್ ಹಿಡಿಯುತ್ತಿದೆ, ಬ್ರೇಕಿನಲ್ಲಿ ನಿಂತ ಚಕ್ರಗಳು ಎಂಜಿನ್ನಿನ ಕತ್ತು ಹಿಸುಕುತ್ತಿವೆ.

ಭಾನುವಾರ ಲೋಡ್ ಇಳಿಸಿ ಬಂದು ಮನೆ ಮುಂದಿನ ಸಮತಟ್ಟಾದ ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಂತೆ ನೋಡಿಕೊಂಡು ಪರೀಕ್ಷೆಗೆ ನಿಂತೆ. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ನ್ಯೂಟ್ರಲ್‌ನಲ್ಲಿ ಬಿಟ್ಟೆ; ಐಡಲ್ ಕದಲಲಿಲ್ಲ. ಆಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಪೂರ್ತಿ ಒತ್ತಿ, ಒಂದನೇ ಗೇರ್ ಹಾಕಿ ಎಣಿಸತೊಡಗಿದೆ. ಹತ್ತರವರೆಗೆ ಏನೂ ಇಲ್ಲ. ಹದಿನೈದಕ್ಕೆ ಸದ್ದು ಭಾರವಾಯಿತು. ಇಪ್ಪತ್ತು ದಾಟುವಷ್ಟರಲ್ಲಿ ಆಫ್. ಮತ್ತೆ ಸ್ಟಾರ್ಟ್ ಮಾಡಿ, ಎಣಿಕೆ ಹನ್ನೆರಡಕ್ಕೆ ಬಂದಾಗ ಪೆಡಲನ್ನು ಎರಡು ಸಲ ಬೇಗ ಬೇಗ ಪಂಪ್ ಮಾಡಿ ಒತ್ತಿ ಹಿಡಿದೆ. ಎಂಜಿನ್ ಉಳಿದುಕೊಂಡಿತು! ಆ ಕ್ಷಣ ನನಗಾದ ಸಂತೋಷ ಹೇಳತೀರದು. ಕ್ಲಚ್ ಪ್ಲೇಟ್ ಸೊಟ್ಟಗಾಗಿದ್ದರೆ, ಫ್ಲೈವೀಲಿನ ಪೈಲಟ್ ಬೇರಿಂಗ್ ಜಾಮ್ ಆಗಿದ್ದರೆ ಪಂಪ್ ಮಾಡಿದ ಮಾತ್ರಕ್ಕೆ ಹೀಗೆ ಬಿಡುಗಡೆ ಸಿಗುವುದಿಲ್ಲ. ಗೇರ್ ಬಾಕ್ಸ್ ಇಳಿಸುವ ಖರ್ಚಿಲ್ಲ. ದೋಷ ಕ್ಲಚ್ಚಿನ ಆಯಿಲ್ ಒತ್ತಡದಲ್ಲಿದೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಬ್ರೇಕ್ ಆಯಿಲನ್ನು ತಳ್ಳುತ್ತದೆ, ಆ ಒತ್ತಡಕ್ಕೆ ಕೆಳಗಿನ ಸ್ಲೇವ್ ಸಿಲಿಂಡರ್ ಕ್ಲಚ್ಚನ್ನು ಬಿಡಿಸುತ್ತದೆ.

ಆದರೆ ಆ ಆಯಿಲ್ ತುಂಬಿಡುವ ಡಬ್ಬಿಯಲ್ಲಿ ಮಟ್ಟ ಇಳಿದಿರಲಿಲ್ಲ. ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಸರಿಸಿ ಬೆರಳಾಡಿಸಿದೆ, ಒಣಗಿತ್ತು. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರಿನ ಬುಡವೂ, ಕೆಳಗಿನ ಮ್ಯಾಟೂ ಒಣ. ಸೋರಿಕೆಯೇ ಇಲ್ಲದೆ ಒತ್ತಡ ಎಲ್ಲಿಗೆ ಹೋಗುತ್ತದೆ?

ಎಂಜಿನ್ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಚಕ್ರಗಳಿಗೆ ಕಲ್ಲು ಕೊಟ್ಟು, ಮಗಳನ್ನು ಸೀಟಿನಲ್ಲಿ ಕೂರಿಸಿ ಕ್ಲಚ್ ಒತ್ತಿ ಹಿಡಿಯಲು ಹೇಳಿದೆ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಅಂಗಾತ ಮಲಗಿದೆ. ಸ್ಲೇವ್ ಸಿಲಿಂಡರಿನ ಪುಶ್ ರಾಡ್ ಚಟ್ಟನೆ ಹೊರಗೆ ಬಂದು ಕ್ಲಚ್ ಬಿಡಿಸುವ ಫೋರ್ಕನ್ನು ತಳ್ಳಿತು. ಕಣ್ಣು ಕೀಳದೆ ನೋಡಿದೆ. ಮುಟ್ಟಿದ ಬಸವನಹುಳು ಕೊಂಬನ್ನು ಒಳಗೆಳೆದುಕೊಳ್ಳುವಂತೆ ರಾಡ್ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿತ್ತು.

"ಬಿಡಲೇನಪ್ಪ?"

"ಬೇಡಮ್ಮ, ಒತ್ತಿಯೇ ಇರು."

ಪೆಡಲ್ ನೆಲ ಕಚ್ಚಿದ್ದರೂ ರಾಡ್ ಹಿಂದಕ್ಕೆ ಬರುತ್ತಿದೆ, ಹೊರಗೆ ಒಂದು ಹನಿಯೂ ಬೀಳುತ್ತಿಲ್ಲ. ಹಾಗಾದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಷರ್ ಆಯಿಲನ್ನು ತಡೆದು ನಿಲ್ಲಿಸುತ್ತಿಲ್ಲ. ವಾಷರಿನ ಅಂಚನ್ನು ದಾಟಿದ ಆಯಿಲ್ ಮತ್ತೆ ಡಬ್ಬಿಗೇ ಸೇರುತ್ತಿತ್ತು. ಮಟ್ಟ ಇಳಿಯದಿದ್ದ ಗುಟ್ಟು ಅದೇ.

ಬಿಚ್ಚಿ ನೋಡಿದಾಗ ವಾಷರಿನ ತುಟಿ ಒಂದು ಕಡೆ ಸವೆದು ಹರಿದಿತ್ತು. ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ತಾಗುವಂತಹ ಸಣ್ಣ ಗುಳಿಗಳು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ ಆ ತೇವ ಲೋಹವನ್ನು ತಿನ್ನುತ್ತದೆ. ಅಂಗಡಿಯವರು ವಾಷರ್ ಕಿಟ್ ಸಾಕು ಎಂದರು. ನಾನು ಒಪ್ಪಲಿಲ್ಲ. ಗುಳಿ ಬಿದ್ದ ಗೋಡೆಗೆ ಉಜ್ಜಿ ಹೊಸ ವಾಷರೂ ಬೇಗ ಹರಿಯುತ್ತದೆ, ಆಗ ನಾನು ಲೋಡ್ ಸಮೇತ ಹೆದ್ದಾರಿಯಲ್ಲಿರುತ್ತೇನೆ. ಪೂರ್ತಿ ಸಿಲಿಂಡರನ್ನೇ ತಂದೆ.

ಏರ್ ತೆಗೆಯಲು ಮತ್ತೆ ಮಗಳೇ ಬಂದಳು. ಅವಳು ಒತ್ತಿ ಹಿಡಿದಾಗ ನಾನು ಸ್ಲೇವ್ ಸಿಲಿಂಡರಿನಲ್ಲಿ ಏರ್ ಬಿಡುವ ನಿಪ್ಪಲ್ ಸಡಿಲಿಸುವುದು, ಬಿಗಿ ಮಾಡಿದ ಮೇಲೆಯೇ ಅವಳು ಕಾಲೆತ್ತುವುದು. ಗುಳ್ಳೆ ನಿಲ್ಲುವವರೆಗೆ ಹೀಗೇ ನಡೆಯಿತು. ಪೆಡಲಿಗೆ ಮೇಲ್ಗಡೆ ತುಸು ಆಟ (ಸಡಿಲ) ಬಿಟ್ಟೆ. ಅದಿಲ್ಲದಿದ್ದರೆ ಆಯಿಲ್ ಡಬ್ಬಿಗೆ ಮರಳುವ ರಂಧ್ರ ಮುಚ್ಚಿಕೊಂಡು, ಮುಂದೆ ಕ್ಲಚ್ ಜಾರಲು ಶುರುವಾಗುತ್ತದೆ.

ನನ್ನ ಗಾಡಿಯಲ್ಲಿ ಕ್ಲಚ್‌ಗೂ ಬ್ರೇಕಿಗೂ ಒಂದೇ ಡಬ್ಬಿ. ಹೊರಬಂದ ಆಯಿಲ್ ಕಷಾಯದಂತೆ ಕಪ್ಪಾಗಿದ್ದನ್ನು ಕಂಡು ಎದೆ ಝಲ್ಲೆಂದಿತು. ಒಂದೂವರೆ ಟನ್ ಹೊತ್ತು ಇಳಿಜಾರಿನಲ್ಲಿ ಇದನ್ನೇ ನಂಬಿ ಬ್ರೇಕ್ ಒತ್ತಿದ್ದೆ. ಅಂದೇ ನಾಲ್ಕೂ ಚಕ್ರಗಳ ಲೈನಿನಿಂದ ಹಳೆಯದನ್ನು ಹೊರಹಾಕಿ ಹೊಸದನ್ನು ತುಂಬಿದೆವು. ಕತ್ತಲಾಗುತ್ತಿದ್ದಂತೆ ಗೇರ್ ಹಾಕಿ, ಕ್ಲಚ್ ಒತ್ತಿ ಮತ್ತೆ ಎಣಿಸಿದೆ. ಇನ್ನೂರು ದಾಟಿದರೂ ಎಂಜಿನ್ನಿನ ಸದ್ದು ಬದಲಾಗಲಿಲ್ಲ.