ಜೂನಿಯರ್ ಮೈಕೆಲ್ ಜಾಕ್ಸನ್: ರಸಮಂಜರಿ ವೇದಿಕೆಯ ನನ್ನ ಅನುಭವ

ಜಾಕ್ಸನ್‌ನ ಮೂನ್‌ವಾಕ್ ಮಾಡಲು, ಅಂದರೆ ಮುಂದಕ್ಕೆ ನಡೆಯುವಂತೆ ಕಾಣುತ್ತ ಹಿಂದಕ್ಕೆ ಜಾರಲು, ಮೊದಲು ಬೇಕಾದದ್ದು ಪ್ಲೈವುಡ್. ಟೋಪಿ, ಕೈಗವಸು ಎಲ್ಲ ಆಮೇಲೆ. ಮಂಡ್ಯ, ಮೈಸೂರು ಕಡೆ ಗಣೇಶನ ಪೆಂಡಾಲಿನಲ್ಲಿ ವೇದಿಕೆ ಅಂದರೆ ಹಲಗೆ ಜೋಡಿಸಿ ಮೇಲೆ ಜಮಖಾನ ಹಾಸಿದ್ದು. ಜೂನಿಯರ್ ರಾಜಕುಮಾರ್, ಜೂನಿಯರ್ ವಿಷ್ಣುವರ್ಧನ್ ಅದರ ಮೇಲೇ ನಿಂತು ಜನರನ್ನು ಗೆದ್ದುಬಿಡುತ್ತಾರೆ. ನನ್ನ ಐಟಂಗೆ ಜಮಖಾನ ಆಗಿಬರುವುದಿಲ್ಲ, ಕಾಲು ಜಾರಲೇಬೇಕು. ಅದಕ್ಕೇ ಆರ್ಕೆಸ್ಟ್ರಾದ ಟೆಂಪೋದಲ್ಲಿ ಕೀಬೋರ್ಡು, ಡ್ರಮ್ಸ್ ಜೊತೆ ನನ್ನ 8×4 ಅಡಿಯ ಎರಡು ಪ್ಲೈವುಡ್ ಶೀಟುಗಳೂ ಬರುತ್ತಿದ್ದವು. ಉದ್ದಕ್ಕೆ ಜೋಡಿಸಿ, ಸಂದಿಗೆ ಟೇಪ್ ಹಚ್ಚಿ, ಮೇಲೆ ಚಿಟಿಕೆ ಕೇರಂ ಪೌಡರ್ ಉದುರಿಸಬೇಕು. ಚಿಟಿಕೆ ಅಂದರೆ ಚಿಟಿಕೆಯೇ, ಹೆಚ್ಚಾದರೆ ಸೊಂಟಕ್ಕೆ ಕುತ್ತು. ಬೂಟಿನ ಅಡಿ ಚರ್ಮದ್ದೇ ಆಗಬೇಕು, ರಬ್ಬರ್ ಸೋಲ್ ಹಿಡಿದುಕೊಳ್ಳುತ್ತದೆ.

ಹೆಜ್ಜೆಯ ಗುಟ್ಟು ಇಷ್ಟೇ. ಬಲಗಾಲಿನ ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಮೈಭಾರವೆಲ್ಲ ಬಿಡಬೇಕು, ಆ ಮಂಡಿ ಮಡಿಚಿರಬೇಕು. ಭಾರವಿಲ್ಲದ ಎಡಗಾಲು ಪಾದ ಪೂರ್ತಿ ನೆಲಕ್ಕೆ ತಾಗಿಸಿಕೊಂಡೇ ಹಿಂದಕ್ಕೆ ಜಾರಬೇಕು. ಅದು ಹಿಂದೆ ಹೋಗಿ ನಿಂತ ಕ್ಷಣ ಅದರ ಹಿಮ್ಮಡಿ ಏಳಬೇಕು, ಬಲಗಾಲಿನದು ಇಳಿಯಬೇಕು, ಎರಡೂ ಒಟ್ಟಿಗೆ. ಕಲಿಯುವವರು ಎಡವುವುದು ಈ ಅದಲುಬದಲಿನಲ್ಲೇ. ಮಂಡಿ ಮಡಿಚಿರುವ ಕಾಲು ಭಾರ ಹೊತ್ತಿದೆಯೆಂದು ನೋಡುವವರಿಗೆ ಅನ್ನಿಸಲೇಬಾರದು. ನಡೆಯುವವನೊಬ್ಬ ಮುಂದಕ್ಕೆ ಹೆಜ್ಜೆ ಹಾಕುತ್ತಿದ್ದಾನೆ, ನೆಲವೇ ಅವನನ್ನು ಹಿಂದಕ್ಕೆ ಎಳೆಯುತ್ತಿದೆ ಅನ್ನಿಸಬೇಕು. ತಲೆ ಮೇಲೆ ಕೆಳಗೆ ಕುಣಿದರೆ ಆ ಮೋಡಿ ಅಲ್ಲಿಗೇ ಮುಗಿಯಿತು. ಜನರಿಗೆ ಪಕ್ಕದ ನೋಟ ಸಿಗುವಂತೆ ಅಡ್ಡಕ್ಕೆ ಹೋಗಬೇಕು. ವೇದಿಕೆಯ ಮುಂದೆ ಕಟ್ಟಿರುವ ಬ್ಯಾನರ್, ಇಟ್ಟಿರುವ ಮಾನಿಟರ್ ಸ್ಪೀಕರ್ ಪಾದ ಮುಚ್ಚುತ್ತವೆ. ಸರಿಸಲು ಸಂಜೆಯೇ ಹೇಳಬೇಕು, ಕಾರ್ಯಕ್ರಮ ಶುರುವಾದ ಮೇಲೆ ಯಾರೂ ಕೇಳುವುದಿಲ್ಲ.

ಈ ಹೆಜ್ಜೆ ಜಾಕ್ಸನ್ ಹುಟ್ಟಿಸಿದ್ದೇನಲ್ಲ. ಬಿಲ್ ಬೇಯ್ಲಿ ಎಂಬ ಟ್ಯಾಪ್ ಡ್ಯಾನ್ಸರ್ 1950ರ ದಶಕದಲ್ಲೇ ಮಾಡಿ ಆಗಿತ್ತು. ಜೆಫ್ರಿ ಡೇನಿಯಲ್ ಎಂಬ ಗಾಯಕ 1982ರಲ್ಲಿ ಬ್ರಿಟಿಷ್ ಟಿವಿಯಲ್ಲಿ ಮಾಡಿ ತೋರಿಸಿದ್ದ, ಜಾಕ್ಸನ್‌ಗೆ ಹೇಳಿಕೊಟ್ಟವರಲ್ಲಿ ಅವನೂ ಒಬ್ಬ. ಜಾಕ್ಸನ್ ಅದನ್ನು ಜನರ ಮುಂದಿಟ್ಟದ್ದು ಮೋಟೌನ್ ಎಂಬ ರೆಕಾರ್ಡ್ ಕಂಪನಿಯ 25ನೇ ವರ್ಷದ ಕಾರ್ಯಕ್ರಮದಲ್ಲಿ. ಅಮೆರಿಕದ ಪಸಡೀನಾದಲ್ಲಿ 1983ರ ಮಾರ್ಚ್ 25ಕ್ಕೆ ಚಿತ್ರೀಕರಣ, ಮೇ 16ಕ್ಕೆ ಟಿವಿಯಲ್ಲಿ ಪ್ರಸಾರ. ಆ ಕ್ಯಾಸೆಟ್ ಹಿಂದೆ ಮುಂದೆ ಓಡಿಸಿ ನೋಡಿದಾಗ ಬೆರಗಾದದ್ದು ಲೆಕ್ಕಕ್ಕೆ: ಅಲ್ಲಿ ಅವನು ಕುಣಿದ ಇಡೀ ‘ಬಿಲ್ಲಿ ಜೀನ್’ ಹಾಡಿನಲ್ಲಿ ಮೂನ್‌ವಾಕ್ ಇರುವುದು ಎರಡೇ ಸಲ, ಸಲಕ್ಕೆ ಒಂದೆರಡು ಸೆಕೆಂಡು. ನಮ್ಮಲ್ಲಿ ಮುಂದಿನ ಸಾಲಿನವರು “ಅಣ್ಣ, ಇನ್ನೊಂದ್ಸಲ ಹಿಂದಕ್ಕೋಗು!” ಅಂತ ಕೂಗುತ್ತಲೇ ಇರುತ್ತಾರೆ. ಹೋಗಬಾರದು. ನಾಲ್ಕನೇ ಸಲಕ್ಕೆ ಅವರೇ ಕಡ್ಲೆಕಾಯಿ ಕಡೆ ತಿರುಗುತ್ತಾರೆ.

ವೇಷವೂ ಆ ಲೆಕ್ಕದ್ದೇ. ಪ್ಯಾಂಟು ಗಿಣ್ಣಿನ ಮೇಲಕ್ಕೆ ನಿಲ್ಲಬೇಕು, ಕಾಲುಚೀಲ ಬೆಳ್ಳಗೆ ಹೊಳೆಯಬೇಕು, ಬೂಟು ಕಪ್ಪು. ಕಣ್ಣು ತಾನಾಗಿಯೇ ಪಾದಕ್ಕೆ ಇಳಿಯುತ್ತದೆ. ಕೈಗವಸು ಒಂದೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಹೊಳೆಯುವುದು ಒಂದೇ ಇದ್ದರೆ ಆ ಕೈ ಎಲ್ಲಿ ಹೋದರೂ ಕಣ್ಣು ಹಿಂದೆಯೇ ಹೋಗುತ್ತದೆ. ನನ್ನದಕ್ಕೆ ಚಮಕಿ ಹೊಲಿದುಕೊಟ್ಟದ್ದು ನಮ್ಮೂರಿನ ಬ್ಲೌಸ್ ಟೈಲರ್.

ಆದರೆ ಜಾಕ್ಸನ್‌ನಿಂದ ಕದಿಯಬೇಕಾದದ್ದು ಕುಣಿತವನ್ನಲ್ಲ, ನಿಲ್ಲುವುದನ್ನು. 1993ರ ಜನವರಿಯಲ್ಲಿ ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಫೈನಲ್ ಪಂದ್ಯದ ಮಧ್ಯಂತರದಲ್ಲಿ, ತುಂಬಿದ ಮೈದಾನದ ನಡುವೆ, ಸುಮಾರು ಒಂದೂವರೆ ನಿಮಿಷ ಅಲ್ಲಾಡದೆ ನಿಂತ. ಜನ ಹುಚ್ಚೆದ್ದರು. ನಾನೂ ಹಾಗೆ ಬೆನ್ನು ಅರ್ಧ ತಿರುಗಿಸಿ, ಟೋಪಿಯ ಅಂಚು ಹಿಡಿದು ನಿಂತೆ. ಹತ್ತು ಸೆಕೆಂಡು ಕಳೆದಿರಬೇಕು, ಸೌಂಡಿನ ಹುಡುಗ ಪಕ್ಕದಿಂದ “ಅಣ್ಣ, ಟ್ರ್ಯಾಕ್ ನಿಂತೋಯ್ತಾ?” ಅಂದ. ಅಷ್ಟರಲ್ಲಿ ಶಿಳ್ಳೆ ಶುರುವಾಗಿತ್ತು. ಹಳ್ಳಿಯ ಜನ ಹತ್ತು ಸೆಕೆಂಡು ಕಾಯುತ್ತಾರೆ, ಹದಿನೈದು ಕಾಯುವುದಿಲ್ಲ. ಆ ಹತ್ತು ಸೆಕೆಂಡು ದಕ್ಕಿದರೆ ಮುಂದಿನ ಡ್ರಮ್ ಏಟಿಗೆ ಬರೀ ಭುಜ ಕುಣಿಸಿದರೂ ಸಾಕು.

ಮೈ ನೆಟ್ಟಗೆ ಇಟ್ಟುಕೊಂಡೇ ಅವನು ಮುಂದಕ್ಕೆ 45 ಡಿಗ್ರಿ ಬಾಗುತ್ತಿದ್ದುದನ್ನೂ ಕೇಳುತ್ತಾರೆ. ವೇದಿಕೆಯ ನೆಲದಿಂದ ಮೇಲೇಳುವ ಮೊಳೆಗೆ ಬೂಟಿನ ಹಿಮ್ಮಡಿಯ ಸೀಳನ್ನು ಸಿಕ್ಕಿಸಿಕೊಂಡು ಬಾಗುವ ಉಪಾಯ ಅದು, 1993ರಲ್ಲಿ ಜಾಕ್ಸನ್ ಮತ್ತಿಬ್ಬರ ಹೆಸರಿಗೆ ಪೇಟೆಂಟೂ ಸಿಕ್ಕಿತು. ಬಾಡಿಗೆ ಹಲಗೆಗೆ ಮೊಳೆ ಹೊಡೆದರೆ ಶಾಮಿಯಾನದವರು ಸುಮ್ಮನಿರುತ್ತಾರೆಯೇ? “ಹಂಗಾದ್ರೆ ಪ್ರಭುದೇವ ಥರ ಮಾಡಪ್ಪ” ಅಂದರೆ ಅದಕ್ಕೆ ರೆಡಿ. ಎಷ್ಟಾದರೂ ಮೂಗೂರು ಸುಂದರ್ ಅವರ ಮಗ, ನಮ್ಮ ಕಡೆಯವರು.

ವೇಷ ಕಳಚಿದ ಮೇಲೆ ಬರುವ ಪ್ರಶ್ನೆಗಳೇ ಬೇರೆ. “ಬೆಳ್ಳಗಾಗಕ್ಕೆ ಅಂತ ಮೈಯೆಲ್ಲ ಆಪರೇಷನ್ ಮಾಡಿಸ್ಕೊಂಡ್ನಂತಲ್ಲ?” ಅನ್ನುವುದು ಮೊದಲನೆಯದು. ಜಾಕ್ಸನ್ ಮೂಗಿಗೆ ಮಾಡಿಸಿಕೊಂಡದ್ದು ನಿಜ, ಅವನೇ ಒಪ್ಪಿದ್ದ. ಚರ್ಮದ್ದು ತೊನ್ನು. 1993ರ ಫೆಬ್ರವರಿಯಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೆಗೆ ಕೊಟ್ಟ ಸಂದರ್ಶನದಲ್ಲಿ ಬಣ್ಣ ಹೋಗುವ ಕಾಯಿಲೆ ತನಗಿದೆ ಎಂದ. ಬಹಳ ಜನ ನಂಬಲಿಲ್ಲ. 2009ರ ಜೂನ್ 25ರಂದು ಸತ್ತ ಮೇಲೆ ಮರಣೋತ್ತರ ಪರೀಕ್ಷೆಯಲ್ಲಿ ಅದು ಖಚಿತವಾಯಿತು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಬಾ ಎಂದ ಸಂಘಟಕರಿದ್ದಾರೆ. ನಾನು ಬಳಿದುಕೊಂಡಿಲ್ಲ. ತೊನ್ನಿನ ಹುಡುಗಿಗೆ ಗಂಡು ಸಿಗುವುದಿಲ್ಲ ಎನ್ನುವ ಊರುಗಳಲ್ಲಿ ಅದನ್ನು ತಮಾಷೆ ಮಾಡಲು ಮನಸ್ಸು ಬರಲಿಲ್ಲ.

ಎರಡನೆಯದು ಮಕ್ಕಳ ಮೇಲಿನ ದೌರ್ಜನ್ಯದ ಆರೋಪ. 2005ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಎಲ್ಲ ಆರೋಪಗಳಿಂದ ಖುಲಾಸೆ ಮಾಡಿತು. ಸತ್ತ ಮೇಲೂ ಇಬ್ಬರು ಆರೋಪ ಮಾಡಿದರು, ಅವನ ಕುಟುಂಬ ಅಲ್ಲಗಳೆಯಿತು. ಇದರಲ್ಲಿ ನಾನು ವಕೀಲನಾಗಲು ಹೋಗುವುದಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ಇವನ ಐಟಂ ಬೇಡ ಅಂದರೆ ಚರ್ಚೆಯಿಲ್ಲದೆ ಬೇರೆ ಹಾಡು ಹಾಕಿಸುತ್ತೇನೆ. ಅದೇ 2009ರ ಗಣೇಶನ ಹಬ್ಬದಲ್ಲಿ ಮಾತ್ರ ನನಗೆ ಪುರುಸೊತ್ತೇ ಇರಲಿಲ್ಲ. ಸತ್ತವನಿಗೆ ಇಷ್ಟು ಬೇಡಿಕೆ ಯಾವ ಜೂನಿಯರಿಗೂ ಬಂದದ್ದು ನೋಡಿಲ್ಲ.

ಈಗ ನಿರೂಪಕರ ಕೈಗೆ ಮೂರು ವಾಕ್ಯದ ಚೀಟಿ ಕೊಡುತ್ತೇನೆ. 1958ರಲ್ಲಿ ಇಂಡಿಯಾನಾದ ಗ್ಯಾರಿ ಎಂಬ ಉಕ್ಕಿನ ಕಾರ್ಖಾನೆಯ ಊರಲ್ಲಿ ಹುಟ್ಟಿ, ಅಣ್ಣಂದಿರ ಜೊತೆ ಹಾಡುತ್ತಲೇ ಬೆಳೆದವನು. ‘ಥ್ರಿಲ್ಲರ್’ ಆಲ್ಬಮ್ ಬಂದ ಮೇಲೆ, 1984ರಲ್ಲಿ, ಒಂದೇ ರಾತ್ರಿ ಎಂಟು ಗ್ರ್ಯಾಮಿ ಪ್ರಶಸ್ತಿ ಪಡೆದವನು. ಅವನ ಮೈಬಣ್ಣ ಹೋದದ್ದು ತೊನ್ನಿನಿಂದ. ನಿರೂಪಕರು ಮೊದಲಿನ ಎರಡನ್ನು ಜೋರಾಗಿ ಓದಿ, ಮೂರನೆಯದನ್ನು ನುಂಗಿ “ಜೋರಾದ ಚಪ್ಪಾಳೆ!” ಅಂದುಬಿಡುತ್ತಾರೆ. ಆಗ ಟೋಪಿ ತೆಗೆದು, ಮೈಕ್ ಇಸಕೊಂಡು, ನಾನೇ ಹೇಳಿ ಪ್ಲೈವುಡ್ ಹತ್ತುತ್ತೇನೆ.