ಬ್ಲೇಡ್ ಕೈಗೆ ಬರುವ ಮುಂಚೆ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ. ಮೂರು ಕಡೆ ನಿಲ್ಲಬೇಕು: ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಆಪರೇಷನ್ ಥಿಯೇಟರ್ (ಓಟಿ) ಬಿಡುವ ಮುಂಚೆ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಕೇಸ್ ಮುಗಿದ ಮೇಲೆ ಒಟ್ಟಿಗೆ ಟಿಕ್ ಹಾಕಿ ಫೈಲಿಗೆ ಸೇರಿಸಿದರೆ ಇದರಿಂದ ಏನೂ ಸಿಗದು.

ನಾನು ಅನುಸರಿಸುವ ಕ್ರಮದಲ್ಲಿ ಟೈಮ್‌ಔಟ್, ಅಂದರೆ ಕೊಯ್ಯುವ ಮುಂಚಿನ ಪಟ್ಟಿ, ಓದುವವರು ಸರ್ಕ್ಯುಲೇಟಿಂಗ್ ಸಿಸ್ಟರ್ (ಟೇಬಲ್‌ನಿಂದ ಹೊರಗೆ ಓಡಾಡುತ್ತಾ ನೆರವಾಗುವ ನರ್ಸ್). ಅವರು ಮುಗಿಸುವ ತನಕ, ನಾನು ಕೈ ಚಾಚಿದರೂ ಸ್ಕ್ರಬ್ ಸಿಸ್ಟರ್ (ಪಕ್ಕದಲ್ಲಿ ನಿಂತು ಉಪಕರಣ ಕೊಡುವ ನರ್ಸ್) ಬ್ಲೇಡ್ ಕೊಡುವಂತಿಲ್ಲ. ಸರ್ಜನ್ನೇ ಓದಿದರೆ ಸುತ್ತಲಿಂದ ಬರುವುದು ‘ಹ್ಞೂಂ ಸರ್’ ಮಾತ್ರ. ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ‘ಬಲಗಡೆ ಅಲ್ವಾ?’ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ‘ಯಾವ ಕಡೆ?’ ಅಂದರೆ ಯಾರಾದರೂ ಕನ್ಸೆಂಟ್ ಫಾರಂ, ಸ್ಕ್ಯಾನ್ ನೋಡಲೇಬೇಕಾಗುತ್ತದೆ. ದಿನಾ ನೋಡುವ ಮುಖಗಳೇ ಆದರೂ ಹೆಸರು ಹೇಳಿಸುತ್ತೇನೆ. ಶುರುವಿನಲ್ಲಿ ಒಮ್ಮೆ ಬಾಯಿ ತೆರೆದ ಇಂಟರ್ನಿಗೆ ಆಮೇಲೆ ‘ಸರ್, ಒಂದು ನಿಮಿಷ’ ಅನ್ನುವುದು ಅಷ್ಟು ಕಷ್ಟವಾಗದು.

ಕೊಯ್ಯುವುದಕ್ಕೆ ಮುಂಚಿನ 60 ನಿಮಿಷದೊಳಗೆ ಆಂಟಿಬಯೋಟಿಕ್ ಹೋಗಿರಬೇಕು. ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿ ಕೊಟ್ಟು, ಹನ್ನೊಂದಕ್ಕೆ ಕೇಸ್ ಹಿಡಿದರೆ ರಕ್ತದಲ್ಲಿ ಉಳಿಯುವುದು ಅತ್ಯಲ್ಪ. ಹಾಗಾಗಿ ಸೆಫಜೋಲಿನ್ 2 ಗ್ರಾಂ ಓಟಿಯಲ್ಲೇ, ಅರಿವಳಿಕೆ ತಜ್ಞರ ಕೈಯಿಂದ. ನಾಲ್ಕು ಗಂಟೆ ದಾಟಿದರೆ ಮತ್ತೊಂದು ಡೋಸ್ ನೆನಪಿಸುವ ಹೊಣೆಯೂ ಅವರದೇ. ಇಬ್ಬರದೂ ಅಂದುಕೊಂಡ ಕೆಲಸ ಯಾರೂ ಮಾಡದೆ ಉಳಿಯುತ್ತದೆ.

ಹೆಚ್ಚು ತಕರಾರು ಬರುವುದು ಮಾಪ್ (ರಕ್ತ ಒರೆಸುವ ಬಟ್ಟೆ) ಎಣಿಕೆಯಲ್ಲಿ. ಶುರುವಿಗೆ ಮುಂಚೆ, ಹೊಟ್ಟೆ ಮುಚ್ಚುವ ಮುಂಚೆ, ಚರ್ಮ ಹೊಲಿಯುವಾಗ, ಹೀಗೆ ಮೂರು ಸಲ ಇಬ್ಬರು ಸೇರಿ ಗಟ್ಟಿಯಾಗಿ ಎಣಿಸಬೇಕು, ಬೋರ್ಡಿಗೆ ಬರೆಯಬೇಕು. ಐದರ ಕಟ್ಟಿನಲ್ಲಿ ನಾಲ್ಕೇ ಇದ್ದರೆ ಇಡೀ ಕಟ್ಟನ್ನೇ ಹೊರಗಿಡಬೇಕು. ಮಾಪ್ ಕತ್ತರಿಸಿ ಬಳಸಬಾರದು. ಎಕ್ಸ್-ರೇಯಲ್ಲಿ ಕಾಣುವ ದಾರ ಒಂದು ತುಂಡಿನಲ್ಲಷ್ಟೇ ಉಳಿಯಬಹುದು. ಎಣಿಕೆ ಮುಗಿಯುವ ತನಕ ಬಕೆಟ್, ಬಟ್ಟೆ ಹೊರಗೆ ಹೋಗಬಾರದು. ಇದನ್ನು ಆಯಾಗೂ ಹೇಳಿರಬೇಕು. ಮುಂದಿನ ಕೇಸಿಗೆ ಬೇಗ ಸ್ವಚ್ಛ ಮಾಡುವ ಅವರ ಅವಸರದಲ್ಲೇ ಲೆಕ್ಕ ತಪ್ಪುವುದುಂಟು.

‘ಸರ್, ಒಂದು ಕಮ್ಮಿ’ ಅಂದ ಕೂಡಲೇ ಸೂಜಿ ಕೆಳಗಿಡುತ್ತೇನೆ. ‘ಇನ್ನೊಮ್ಮೆ ಎಣಿಸಿ’ ಅನ್ನುತ್ತಾ ಹೊಲಿಗೆ ಮುಂದುವರಿಸಿದರೆ ಮುಂದಿನ ಸಲ ಸಿಸ್ಟರ್ ಹೇಳಲು ಹಿಂಜರಿಯುತ್ತಾರೆ. ಮೊದಲು ಹೊಟ್ಟೆಯ ನಾಲ್ಕೂ ಮೂಲೆ, ಕರುಳಿನ ಸಂದಿ ಕೈಯಾಡಿಸಿ ನೋಡುತ್ತೇನೆ. ಅಷ್ಟರಲ್ಲಿ ಉಳಿದವರು ಡ್ರೇಪ್ (ರೋಗಿಗೆ ಹೊದಿಸಿದ ಬಟ್ಟೆ) ಮಡಿಕೆ, ಬಕೆಟ್, ಬೂಟಿನ ಅಡಿ ಹುಡುಕುತ್ತಾರೆ. ಸಿಗದಿದ್ದರೆ ರೋಗಿ ಟೇಬಲ್ ಮೇಲಿರುವಾಗಲೇ ಎಕ್ಸ್-ರೇ.