ಮಲೆನಾಡಿನಲ್ಲಿ ಪಾರ್ಸಲ್ ಕಂಪನಿ ಬೆಳೆಸಿದ್ದು ಹೀಗೆ

ಆನ್‌ಲೈನ್ ಪಾರ್ಸಲ್ ಹಂಚುವ ನಮ್ಮ ಕಂಪನಿ ಇರುವುದು ಚಿಕ್ಕಮಗಳೂರಿನಲ್ಲಿ. ದೊಡ್ಡ ಕಂಪನಿಗಳು ಬೆಂಗಳೂರಿನಿಂದ ಮಾಲು ಕಳಿಸುತ್ತವೆ. ಅದನ್ನು ಜನರ ಕೈಗೆ ಮುಟ್ಟಿಸುವ ಕೆಲಸ ನಮ್ಮದು. ಈ ಕೆಲಸಕ್ಕೆ ಇಳಿಯಬೇಕು ಅಂತಿರುವ ಹುಡುಗರು ಬಂದಾಗ ಎಷ್ಟು ಗಾಡಿ ಬೇಕು, ಎಷ್ಟು ಬಂಡವಾಳ ಬೇಕು ಅಂತ ಕೇಳುತ್ತಾರೆ. ನಾನು ಕೇಳುವುದು ಬೇರೆ. ಯಾವ ಊರುಗಳು? ಗಾಡಿ ಒಂದು ಸಲ ಹೊರಟರೆ ಎಷ್ಟು ಕಡೆ ನಿಲ್ಲುತ್ತದೆ? ಒಂದು ಕಡೆ ನಿಂತರೆ ಎಷ್ಟು ಪಾರ್ಸಲ್ ಇಳಿಯುತ್ತದೆ? ನಮ್ಮ ಲಾಭ ನಷ್ಟ ಎಲ್ಲ ಇರುವುದು ಇಷ್ಟರಲ್ಲೇ.

ನಮ್ಮ ಜಿಲ್ಲೆಯಲ್ಲಿ ಬಯಲುಸೀಮೆಯೂ ಇದೆ, ಮಲೆನಾಡೂ ಇದೆ. ಕಡೂರು, ಬೀರೂರು ಕಡೆ ಮನೆಗಳು ಒತ್ತಾಗಿರುತ್ತವೆ. ಊರಿನ ದೇವಸ್ಥಾನದ ಮುಂದೆ ಬೈಕ್ ನಿಲ್ಲಿಸಿ ಫೋನ್ ಮಾಡಿದರೆ ಜನ ಅಲ್ಲಿಗೇ ಬರುತ್ತಾರೆ. ಮೂಡಿಗೆರೆ, ಕೊಪ್ಪ, ಕಳಸದ ಕಡೆ ಗುಡ್ಡಕ್ಕೊಂದು ಮನೆ. ತೋಟದ ಗೇಟಿನಿಂದ ಮನೆಗೆ ಹೋಗಿ ಬರುವಷ್ಟರಲ್ಲಿ ಕಡೂರಿನ ಹುಡುಗ ಒಂದು ಬೀದಿಯನ್ನೇ ಮುಗಿಸಿರುತ್ತಾನೆ. ಆದರೆ ದೊಡ್ಡ ಕಂಪನಿಗಳು ನಮಗೆ ಕೊಡುವುದು ಪಾರ್ಸಲ್ಲಿಗೆ ಇಷ್ಟು ಅಂತ. ಅದೂ ಕೈಗೆ ಮುಟ್ಟಿಸಿದರೆ ಮಾತ್ರ. ಎರಡೂ ಕಡೆಗೆ ಒಂದೇ ರೇಟು.

ಹಾಗಾಗಿ ನಾವು ಮೊದಲು ಹಿಡಿದಿದ್ದು ಕಡೂರು ಕಡೆ, ಆಮೇಲೆ ಚಿಕ್ಕಮಗಳೂರು ಪೇಟೆ. ಅಲ್ಲಿನ ದುಡಿಮೆ ಕೈಗೆ ಬಂದ ಮೇಲೆ ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಅಂತ ಒಂದೊಂದೇ ಕಡೆ ಮುಂದೆ ಹೋದೆವು. ಜಿಲ್ಲೆಯ ಎಲ್ಲಾ ಪಿನ್‌ಕೋಡ್ ಒಟ್ಟಿಗೆ ತಗೊಳ್ಳಿ ಅಂತ ಒತ್ತಾಯ ಇತ್ತು. ನಾವು ಒಪ್ಪಲಿಲ್ಲ.

ಮಲೆನಾಡಿನಲ್ಲಿ ದೊಡ್ಡ ಕಷ್ಟ ಅಡ್ರೆಸ್ಸಿನದು. ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ರಂದು, ಅಂಚೆಯವರ ಅನುಕೂಲಕ್ಕೆ. ಅದು ಯಾವ ಪೋಸ್ಟ್ ಆಫೀಸು ಅಂತ ಹೇಳುತ್ತದೆಯೇ ಹೊರತು ಮನೆ ಎಲ್ಲಿ ಅಂತ ಅಲ್ಲ. ಮನೆ ಗೊತ್ತಿರುವುದು ಪೋಸ್ಟ್‌ಮ್ಯಾನಿಗೆ. ನಮ್ಮ ಪಾರ್ಸಲ್ ಮೇಲೆ ಎಸ್ಟೇಟಿನ ಹೆಸರು, ಪೋಸ್ಟಿನ ಹೆಸರು, ತಾಲ್ಲೂಕು ಇಷ್ಟೇ ಇರುತ್ತದೆ. ಮ್ಯಾಪ್ ನೋಡಿಕೊಂಡು ಹೋದರೆ ಎಷ್ಟೋ ಸಲ ಹಳ್ಳದ ಆ ಕಡೆ ಮನೆ, ಈ ಕಡೆ ನಾವು.

ಇದಕ್ಕೆ ದಾರಿ ತೋರಿಸಿದ್ದು ಇಲ್ಲಿನ ಹಳೆಯ ರೂಢಿಯೇ. ಎಷ್ಟೋ ತೋಟಗಳಿಗೆ ಟಪಾಲು ಬಾಗಿಲಿಗೆ ಬರುತ್ತಿರಲಿಲ್ಲ. ತೋಟದ ಆಳೊಬ್ಬ ಹೋಗಿ ತರುತ್ತಿದ್ದ, ಇಲ್ಲಾಂದ್ರೆ ಸಂತೆಗೆ ಹೋದ ಜೀಪಿನಲ್ಲಿ ಬರುತ್ತಿತ್ತು. ನಾವೂ ಹಾಗೇ ಮಾಡಿದೆವು. ಕ್ರಾಸುಗಳಲ್ಲಿರುವ ಅಂಗಡಿಗಳನ್ನು ಮಾತಾಡಿಸಿ ಪಾರ್ಸಲ್ ಬಿಟ್ಟುಹೋಗುವ ಪಾಯಿಂಟ್ ಮಾಡಿಕೊಂಡೆವು. ಬೇಕರಿ, ಗೊಬ್ಬರದ ಅಂಗಡಿ, ಮೊಬೈಲ್ ಅಂಗಡಿ, ಯಾವುದಾದರೂ ಸರಿ. ಬಾಗಿಲು ಬೇಗ ತೆಗೆಯಬೇಕು, ಮಳೆಗೆ ಸೋರಬಾರದು, ಅಂಗಡಿಯವರ ಮೇಲೆ ಊರಿಗೆ ನಂಬಿಕೆ ಇರಬೇಕು. ಪಾರ್ಸಲ್ಲಿಗೆ ಇಷ್ಟು ಅಂತ ಅವರಿಗೆ ಕಮಿಷನ್ ಕೊಡುತ್ತೇವೆ. ದೊಡ್ಡ ತೋಟಗಳಲ್ಲಿ ರೈಟರ, ಅಂದರೆ ತೋಟದ ಲೆಕ್ಕ ಬರೆಯುವವರ ಹತ್ತಿರ ಮಾತಾಡಿಕೊಂಡೆವು. ತೋಟದಲ್ಲಿ ಯಾರು ಯಾವ ಲೈನ್ ಮನೆಯಲ್ಲಿ (ಕೆಲಸಗಾರರ ಸಾಲುಮನೆಯಲ್ಲಿ) ಇದ್ದಾರೆ ಅಂತ ರೈಟರಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರುವುದಿಲ್ಲ. ಪಾರ್ಸಲ್ ಬಿಡುವ ಮೊದಲು ಗಿರಾಕಿಗೆ ಫೋನ್ ಮಾಡಿ ಒಪ್ಪಿಗೆ ಕೇಳಲೇಬೇಕು. ವಯಸ್ಸಾದವರು, ಔಷಧಿ ತರಿಸಿದವರು ಇದ್ದರೆ ಮನೆಗೇ ಹೋಗುತ್ತೇವೆ, ಎಷ್ಟೇ ದೂರ ಇರಲಿ.

ಪಾಯಿಂಟಿನಿಂದ ಇನ್ನೊಂದು ಕಷ್ಟವೂ ಕಳೆಯಿತು. ಬೆಲೆ ಜಾಸ್ತಿ ಇರುವ ಪಾರ್ಸಲ್ಲಿಗೆ ಓಟಿಪಿ ಬೇಕು. ತೋಟದ ಒಳಗೆ ನೆಟ್‌ವರ್ಕೇ ಇಲ್ಲದಿದ್ದರೆ ಓಟಿಪಿ ಬರುವುದು ಹೇಗೆ? ಅಂಗಡಿ ಹತ್ತಿರ ನೆಟ್‌ವರ್ಕ್ ಸಿಗುತ್ತದೆ. ಗಿರಾಕಿ ಅಲ್ಲಿಗೆ ಬಂದು, ಪಾರ್ಸಲ್ ಕೈಯಲ್ಲಿ ಹಿಡಿದ ಮೇಲೆ ನಂಬರ್ ಹೇಳುತ್ತಾರೆ. ಮೊದಲೇ ಓಟಿಪಿ ಕೇಳಿ ತಗೊಳ್ಳುವ ಹುಡುಗನಿಗೆ ನಮ್ಮಲ್ಲಿ ಕೆಲಸ ಇಲ್ಲ. ಇದರಲ್ಲಿ ಮುಲಾಜೇ ಇಲ್ಲ.

2010ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ, ಅಂದರೆ ಪಾರ್ಸಲ್ ಕೈಗೆ ಬಂದಾಗ ದುಡ್ಡು ಕೊಡುವುದು, ಶುರು ಮಾಡಿದ ಮೇಲೆಯೇ ಕಾರ್ಡ್ ಇಲ್ಲದವರೂ ಧೈರ್ಯವಾಗಿ ಆರ್ಡರ್ ಮಾಡಿದ್ದು. ಮಲೆನಾಡಿನ ನಮ್ಮ ವ್ಯಾಪಾರಕ್ಕೂ ಅದೇ ಬುನಾದಿ. ಆದರೆ ವಾಪಸ್ ಹೋಗುವ ಪಾರ್ಸಲ್ಲುಗಳೂ ಅದರಲ್ಲೇ ಜಾಸ್ತಿ. ಯಾಕೆ ವಾಪಸ್ ಹೋಗುತ್ತವೆ ಅಂತ ಹುಡುಗರ ಜೊತೆ ಕೂತು ನೋಡಿದೆವು. ಲೈನ್ ಮನೆಯವರು ಬೇಡ ಅನ್ನುತ್ತಿರಲಿಲ್ಲ. ಅವತ್ತು ಕೈಯಲ್ಲಿ ದುಡ್ಡು ಇರುತ್ತಿರಲಿಲ್ಲ, ಅಷ್ಟೆ. ತೋಟದಲ್ಲಿ ಬಟವಾಡೆ, ಅಂದರೆ ಕೂಲಿ ಕೊಡುವುದು, ವಾರಕ್ಕೊಮ್ಮೆ. ಯಾವ ತೋಟದಲ್ಲಿ ಯಾವ ದಿನ ಬಟವಾಡೆ ಅಂತ ಬರೆದಿಟ್ಟುಕೊಂಡು, ಪಾರ್ಸಲ್ ಅದರ ಮಾರನೇ ದಿನ ಕಳಿಸತೊಡಗಿದೆವು. ವಾಪಸ್ ಹೋಗುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಅಸ್ಸಾಮಿನಿಂದ ಬಂದ ಕೆಲಸಗಾರರು ಈಗ ತುಂಬಾ ಇದ್ದಾರೆ, ಬಟ್ಟೆ, ಮೊಬೈಲ್ ತರಿಸುತ್ತಾರೆ. ಅವರ ಜೊತೆ ಫೋನಿನಲ್ಲಿ ಮಾತಾಡಲು ಹಿಂದಿ ಬರುವ ಹುಡುಗಿಯೊಬ್ಬಳನ್ನು ಆಫೀಸಿನಲ್ಲಿ ಇಟ್ಟುಕೊಂಡಿದ್ದೇವೆ.

ಮಾಲು ಬರುವ ದಾರಿಯಲ್ಲೂ ಒಂದು ಬದಲಾವಣೆ ಮಾಡಿಸಿದೆವು. 577ರಿಂದ ಶುರುವಾಗುವ ಪಿನ್‌ಕೋಡುಗಳಲ್ಲಿ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ, ಚಿಕ್ಕಮಗಳೂರು ನಾಲ್ಕೂ ಜಿಲ್ಲೆಯವು ಇವೆ. ಹಾಸನದ್ದು 573. ಮೊದಲ ಮೂರು ಅಂಕಿ ನೋಡಿ ಬ್ಯಾಗ್ ಕಟ್ಟಿದರೆ ಮೂಡಿಗೆರೆಯ ಪಾರ್ಸಲ್ ಶಿವಮೊಗ್ಗದ ಗಾಡಿ ಹತ್ತುತ್ತದೆ. ಬೆಂಗಳೂರಿನಿಂದ ನಮಗೆ ನೇರ ದಾರಿ ಇರುವುದು ಹಾಸನ, ಬೇಲೂರಿನ ಮೇಲೆ. ನಾವು ಮಾಲು ತಗೊಳ್ಳುವ ಒಂದು ಕಂಪನಿಯವರಿಗೆ ರಸ್ತೆಯ ನಕ್ಷೆಯನ್ನೇ ಬರೆದು ತೋರಿಸಿದೆವು. ಕಡೂರು, ಬೀರೂರು, ತರೀಕೆರೆ ಶಿವಮೊಗ್ಗದ ರಸ್ತೆಯಲ್ಲೇ ಇವೆ, ಆ ಬ್ಯಾಗುಗಳು ಆ ಗಾಡಿಯಲ್ಲೇ ಇರಲಿ, ಚಿಕ್ಕಮಗಳೂರು, ಮೂಡಿಗೆರೆಯದು ಹಾಸನದ ಗಾಡಿಗೆ ಹಾಕಿ ಅಂದೆವು. ಒಪ್ಪಿಕೊಂಡರು. ರಾತ್ರಿ ಹೊರಟ ಮಾಲು ಬೆಳಿಗ್ಗೆ ಹುಡುಗರು ಬರುವ ಹೊತ್ತಿಗೆ ಬಂದಿರುತ್ತದೆ. ಇಡೀ ದಿನದ ಕೆಲಸ ಬೆಳಿಗ್ಗೆಯೇ ಶುರುವಾದರೆ ಎಷ್ಟು ಸಲೀಸು ಅಂತ ಹುಡುಗರನ್ನೇ ಕೇಳಬೇಕು.

ಮಳೆಗಾಲ ಮಾತ್ರ ಯಾರ ಕೈಯಲ್ಲೂ ಇಲ್ಲ. ಕಳಸದ ಹತ್ತಿರ ಭದ್ರಾ ತುಂಬಿದರೆ ಹೆಬ್ಬಾಳೆ ಸೇತುವೆ ಮುಳುಗುತ್ತದೆ, ಹೊರನಾಡಿಗೆ ಆ ದಾರಿಯಲ್ಲಿ ಹೋಗುವುದು ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯೇ ಕುಸಿಯಿತು. ಅಂಥ ದಿನ ಹುಡುಗರನ್ನು ಕಳಿಸುವುದಿಲ್ಲ. ತಡವಾಯಿತು ಅಂತ ಕಂಪನಿ ದಂಡ ಹಾಕಿದರೂ ಸರಿ. ಆನೆ ಬಂದಿದೆ ಅಂತ ಸುದ್ದಿ ಬಂದ ಊರಿಗೂ ಸಂಜೆ ಮೇಲೆ ಯಾರೂ ಹೋಗುವ ಹಾಗಿಲ್ಲ.

ನಮ್ಮ ಕಂಪನಿ ನಿಜವಾಗಿ ಗಟ್ಟಿಯಾಗಿದ್ದು ಇಲ್ಲಿಂದ ಹೊರಗೆ ಹೋಗುವ ಮಾಲಿನಿಂದ. ಬೆಂಗಳೂರಿನಿಂದ ತುಂಬಿ ಬಂದ ಗಾಡಿ ಖಾಲಿ ವಾಪಸ್ ಹೋಗುತ್ತಿತ್ತು. ಇಲ್ಲಿ ನೋಡಿದರೆ ಕಾಫಿಪುಡಿ, ಮೆಣಸು, ಏಲಕ್ಕಿ, ಜೇನು ಮಾರುವವರು ಪ್ರತಿ ಊರಿನಲ್ಲೂ ಇದ್ದಾರೆ. ಕಳಿಸುವ ಖರ್ಚಿಗೆ ಹೆದರುತ್ತಿದ್ದರು. ಅವರ ಜೊತೆ ಕೂತು ಡಬ್ಬದ ಅಳತೆ ಸರಿ ಮಾಡಿಸಿದೆವು. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ತೂಕ ಒಂದು, ತಕ್ಕಡಿಯ ತೂಕ ಒಂದು. ಯಾವುದು ಜಾಸ್ತಿಯೋ ಸಾಮಾನ್ಯವಾಗಿ ಅದಕ್ಕೆ ಚಾರ್ಜು. ಒಂದು ಕೆಜಿ ಪುಡಿಯನ್ನು 30, 20, 15ರ ಡಬ್ಬದಲ್ಲಿ ಹಾಕಿದರೆ 1.8 ಕೆಜಿ ಲೆಕ್ಕ. 25, 16, 12ರ ಡಬ್ಬಕ್ಕೆ ಒಂದು ಕೆಜಿಯ ಒಳಗೇ ಮುಗಿಯುತ್ತದೆ, ಆಗ ತಕ್ಕಡಿ ತೂಕಕ್ಕಷ್ಟೇ ದುಡ್ಡು. ಹುರಿದ ಕಾಫಿಯಿಂದ ಗಾಳಿ ಬಿಡುಗಡೆಯಾಗುತ್ತಾ ಇರುತ್ತದೆ, ಹಾಗಾಗಿ ಅದನ್ನು ಹೊರಗೆ ಬಿಡುವ ವಾಲ್ವ್ ಇರುವ ಕವರ್ ಬಳಸಿ ಅಂತಲೂ ಹೇಳಿದೆವು. ಪಾಯಿಂಟ್ ಅಂಗಡಿಗೆ ಪಾರ್ಸಲ್ ಇಳಿಸಿದ ಹುಡುಗನೇ ಅಲ್ಲಿಂದ ಕಾಫಿಪುಡಿ ಎತ್ತಿಕೊಂಡು ಬರುತ್ತಾನೆ. ಬೈಕ್ ಹೇಗೂ ಆ ಊರಿಗೆ ಹೋಗಿರುತ್ತದೆ, ಅಲ್ವಾ?

ಈಗ ಮಲೆನಾಡಿನ ಪಿನ್‌ಕೋಡುಗಳಿಗೆ ಬೇರೆ ರೇಟು ಕೊಡಿ ಅಂತ ಮಾತುಕತೆ ನಡೆಸುತ್ತಿದ್ದೇವೆ. ಊರು ಊರಿನ ಕಿಲೋಮೀಟರ್, ಪೆಟ್ರೋಲು, ಒಂದೊಂದು ಕಡೆ ನಿಂತ ಹೊತ್ತು ಎಲ್ಲ ಬರೆದು ಕೊಟ್ಟಿದ್ದೇವೆ. ಒಂದು ಕಂಪನಿ ಕೊಪ್ಪ, ಕಳಸಕ್ಕೆ ಒಪ್ಪಿದೆ. ಮೂಡಿಗೆರೆಯದು ಇನ್ನೂ ಬಾಕಿ ಇದೆ.